ಫರಸಿ ಕಲ್ಲಿನ ವಯಸ್ಸು ಕೇಳುವ ಮೇಡಂ

ಶಹಾಬಾದಿನ ಭೂವಿಜ್ಞಾನಿ ಯಶೋಧರಾ ಮೇಡಂ ಯಾರ ಮನೆಗೆ ಹೋದರೂ ಮೊದಲು ವಿಚಾರಿಸುವುದು ನೆಲಕ್ಕೆ ಹಾಸಿದ ಫರಸಿ ಕಲ್ಲನ್ನು. ಮದುವೆಯಲ್ಲಿ ಉಳಿದವರು ಸೀರೆ ನೋಡುತ್ತಿದ್ದರೆ ಇವರು ಬಗ್ಗಿ ನೆಲ ಸವರುತ್ತಾರೆ. "ಕುಂದ್ರಿ ಮೇಡಂ" ಎಂದರೆ, "ತಡೀರಿ, ಇದು ಯಾವ ಖಣಿದು?" ಎನ್ನುತ್ತಾರೆ. ಯಾರಾದರೂ ಕಲ್ಲಿನ ವಯಸ್ಸನ್ನು ಅಂದಾಜಿನಲ್ಲಿ ಹೇಳಿದರೆ ಬಿಡುವುದಿಲ್ಲ. "ಸಾಕ್ಷಿ ಏನದ? ಖಣಿಯಾಗ ಫರಸಿ ಮ್ಯಾಲಿರೋ ಕರಿಕಲ್ಲು ಲಾವಾದ್ದು. ಅದರಾಗಿನ ಪೊಟ್ಯಾಸಿಯಂ ಮೆಲ್ಲಕ ಆರ್ಗಾನ್ ಆಗ್ತದ. ಎಷ್ಟು ಆಗ್ಯದಂತ ಅಳದರ ವಯಸ್ಸು ಸಿಗ್ತದ. ತಳದಾಗಿನ ಫರಸಿ ಅದಕ್ಕಿಂತ ಹಿರೇದು." ಜೂನ್ ಒಂದರಂದು ಹುಟ್ಟುಹಬ್ಬದ ಶುಭಾಶಯ ಹೇಳಿದರೆ ಮಾತ್ರ ಹುಬ್ಬು ಗಂಟಿಕ್ಕುತ್ತಾರೆ: "ತಾರೀಖು, ವರ್ಷ ಎರಡೂ ಸಾಲಿ ಮಾಸ್ತರು ಅಂದಾಜಲೆ ಬರದದ್ರಿ." ತಾಯಿ ಮಾಣಿಕಮ್ಮ ಹೇಳಿದ್ದು ಇಷ್ಟೇ: "ನೀ ಹುಟ್ಟಿದ ವರ್ಷ ಕಾಗಿಣಾ ಹೊಳಿ ಬಂದು ನಮ್ಮ ಹೊಲದ ತುಂಬ ಉಸುಕು ಹಾಕಿ ಹೋಗಿತ್ತು." ಹೂತುಹೋದ ಉಸುಕು ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂಬುದನ್ನೂ ಅಳೆಯಲು ಬರುತ್ತದೆ, ಆದರೆ ತೆಗೆಯುವಾಗ ಅದಕ್ಕೆ ಬೆಳಕು ತಾಗಬಾರದು. ಹೀಗಾಗಿ ಮೇಡಂ ಪ್ರತಿ ಭಾನುವಾರ ಆ ಹೊಲದಲ್ಲಿ ತಾವೇ ತೋಡಿದ ಗುಂಡಿಗೆ ಇಳಿಯುತ್ತಾರೆ. ತೀರಿಹೋದ ತಾಯಿಯ ಕೌದಿಯನ್ನು ತಲೆಯ ಮೇಲೆ ಹೊದ್ದು, ಅದರ ಕತ್ತಲಲ್ಲಿ ತಾವು ಹುಟ್ಟಿದ ವರ್ಷವನ್ನು ತೋಡುತ್ತಿರುತ್ತಾರೆ.