ಮಾಮಾನ ಆಯೇರ

ಟ್ರಂಕಿನ ಬಟ್ಟೆಗೆ ನುಸಿ ಹತ್ತದಂತೆ ಇಡುವ ಡಾಂಬರ ಗುಳಿಗೆಯ ವಾಸನೆ ಎಷ್ಟು ಹಟಮಾರಿ ನೋಡಿ. ಮೊನ್ನೆ ಚಿಕ್ಕೋಡಿಯಲ್ಲಿ ಬೆಳಗಾವಿ ಬಸ್ಸು ಹತ್ತಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡದ್ದೇ ತಡ, ಪಕ್ಕದ ಹೆಣ್ಣುಮಗಳು ಮೂಗಿಗೆ ಸೆರಗು ಹಿಡಿದು, "ಚೀಲದಾಗ ಏನೈತ್ರಿ ಅಣ್ಣಾರ?" ಎಂದಳು. "ಪಟಕಾ ರೀ" ಎಂದೆ. ನನ್ನ ಬೋಳುತಲೆಯನ್ನು ಒಮ್ಮೆ ನೋಡಿ ಕಿಟಕಿಯ ಕಡೆ ತಿರುಗಿದಳು. ತಲೆಗೆ ಸುತ್ತುವ ಆ ಕೆಂಪು ಬಟ್ಟೆಯನ್ನು ನಾನು ಒಂದು ದಿನವೂ ಸುತ್ತಿಕೊಂಡವನಲ್ಲ. ಅದರ ಕಥೆ ಹೇಳುತ್ತೇನೆ, ಬೆಳಗಾವಿ ಇನ್ನೂ ದೂರವಿದೆ.

ನನ್ನ ಸೋದರಮಾವ ಭೀಮಪ್ಪ ಏಕಸಂಬಿಯ ಹತ್ತಿರ ಕುರಿ ಕಾಯುತ್ತಿದ್ದ. ನಮಗೆಲ್ಲ ಅವನು ಮಾಮಾ. ನಾಟಕದ ಹುಚ್ಚು ಎಷ್ಟೆಂದರೆ, ಕುರಿಗಳನ್ನು ಹೆಂಡತಿಗೆ ಒಪ್ಪಿಸಿ ಉಗಾರದವರೆಗೂ ಸೈಕಲ್ ತುಳಿಯುತ್ತಿದ್ದ. ನಮ್ಮ ಕಡೆಯ ಹಳ್ಳಿ ನಾಟಕ ನೋಡಿದವರಿಗೆ ಆಯೇರ ಹೊಸತಲ್ಲ. ನೋಡದವರಿಗೆ ಹೇಳಬೇಕು: ಪಾತ್ರಧಾರಿಯ ಬಂಧುಗಳು ನಡುನಾಟಕದಲ್ಲೇ ರಂಗ ಹತ್ತಿ ಉಡುಗೊರೆ ಕೊಡುತ್ತಾರೆ. ಹಾರ್ಮೋನಿಯಂ ನಿಲ್ಲುತ್ತದೆ. ಕೊಟ್ಟವರ ಊರು, ಹೆಸರು ಮೈಕಿನಲ್ಲಿ ಮೊಳಗುತ್ತದೆ. ಯುದ್ಧದಲ್ಲಿ ಸತ್ತುಬಿದ್ದ ರಾಜನೂ ಎದ್ದು, ಅಂಗಿ ಕೊಡವಿಕೊಂಡು, ಪಟಕಾ ಸುತ್ತಿಸಿಕೊಂಡು, ಕೈಮುಗಿದು, ಮತ್ತೆ ತನ್ನ ಜಾಗಕ್ಕೆ ಹೋಗಿ ಸಾಯುತ್ತಾನೆ. ಇದಕ್ಕೆ ಯಾರೂ ನಗುವುದಿಲ್ಲ.

ನಾನು ಚಿಕ್ಕೋಡಿಯಲ್ಲಿ ಕಾಲೇಜು ಕಲಿಯುವಾಗ ವರ್ಷದ ಕೊನೆಯ ಗ್ಯಾದರಿಂಗಿಗೆ ಒಂದು ನಾಟಕ ಮಾಡಿದೆವು. ನಾನು ರಾಜ. ಬದುಕಿದ್ದಾಗ ಮಾತು ಮರೆಯುತ್ತಿದ್ದೆ. ಸಾಯುವುದರಲ್ಲಿ ಮಾತ್ರ ನನ್ನಂಥವನು ಇನ್ನೊಬ್ಬನಿರಲಿಲ್ಲ. ಕಲಿಸಿದ ಸರ್ ಮೊದಲೇ ತಾಕೀತು ಮಾಡಿದ್ದರು: "ಇದು ಹಳ್ಳಿ ಆಟ ಅಲ್ಲ. ಹೆಣ ಅಂದ್ರ ಹೆಣ. ರೆಪ್ಪಿ ಸೈತ ಅಳ್ಳಾಡಬಾರ್ದು." ನಾನೂ ಹಳ್ಳಿಯವನೇ ಎಂಬುದನ್ನು ಮರೆಸಬೇಕಿತ್ತಲ್ಲ, ತಲೆಯಾಡಿಸಿದೆ. ಮಾಮಾನಿಗೆ ಕರೆ ಕಳಿಸಿದವನೂ ನಾನೇ.

ಸತ್ತು ಮಲಗಿದ್ದೆ. ಮೆಟ್ಟಿಲ ಮೇಲೆ ಅಥಣಿ ಚಪ್ಪಲಿಯ ಕರ್ ಕರ್ ಸಪ್ಪಳ ಕೇಳಿತು. ಆ ನಡಿಗೆ ನನಗೆ ಗೊತ್ತು.

"ಏಳಪಾ ಏಳು. ಆಯೇರ ತಗೊಂಡು ಮತ್ತ ಸಾಯುವಿಯಂತ."

ಇಡೀ ಸಭೆ ಗೊಳ್ಳೆಂದು ನಕ್ಕಿತು. ನಾನು ಏಳಲಿಲ್ಲ.

"ಲೇ ಅಳಿಯಾ, ನಾ ನಿಮ್ಮ ಮಾಮಾ ಬಂದೇನಿ."

ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡೆ. ಹಿಂದಿನ ಸಾಲಿನಿಂದ ಯಾರೋ, "ಮ್ಯಾಲ ಹಾಕಿ ಬರ್ರಿ ಕಾಕಾ!" ಎಂದು ಕೂಗಿದರು. ಮಾಮಾನ ದನಿ ಇದ್ದಕ್ಕಿದ್ದಂತೆ ಬದಲಾಯಿತು. "ಮಲಗಿದವ್ರ ಮ್ಯಾಲ ಹಾಕೂ ಅರಿಬಿ ಬ್ಯಾರೆ ಇರತೈತಿ. ಇದು ಏಳಾವಗ ತಂದದ್ದು" ಎಂದ. ಚಪ್ಪಲಿ ಮೆಲ್ಲಗೆ ಇಳಿದುಹೋಯಿತು. ಅವನು ಬಾಗಿಲು ದಾಟುವವರೆಗೂ ನಗು ನಿಲ್ಲಲಿಲ್ಲ.

ಆ ವರ್ಷದ ಉತ್ತಮ ನಟ ನಾನೇ! ಅಲುಗದೆ ಮಲಗಿದ್ದಕ್ಕೆ ಬಹುಮಾನ. ಕಪ್ಪು ಹಿಡಿದು ಹೊರಗೆ ಬಂದಾಗ ಮಾಮಾ ಊರಿನ ಬಸ್ಸು ಹತ್ತಿಯಾಗಿತ್ತು. ಆಮೇಲೆ ನನ್ನ ಮದುವೆಗೆ ಬಂದ, ಮಕ್ಕಳ ಹೆಸರಿಡಲು ಬಂದ. ಆ ಸಂಗತಿ ಮಾತ್ರ ಎತ್ತಲಿಲ್ಲ. ನಾನಾದರೂ ತಪ್ಪಾಯಿತು ಎನ್ನಬೇಕಿತ್ತು. ನಾಚಿಕೆಗೇಡಿ ನಾನು, ನಾಳೆ ನೋಡೋಣ ಎಂದುಕೊಂಡೇ ದಿನ ದೂಡಿದೆ. ನನ್ನ ನೌಕರಿಯೋ, ಚಿಕ್ಕೋಡಿ ಕೋರ್ಟಿನಲ್ಲಿ ಪುಕಾರು ಮಾಡುವುದು. ಬಾಗಿಲಲ್ಲಿ ನಿಂತು ಕಂಡವರ ಹೆಸರನ್ನೆಲ್ಲ ಮೂರು ಮೂರು ಸಲ ಕೂಗಿ ಕೂಗಿ ನಿವೃತ್ತನಾದೆ. ಕೂಗಲೇಬೇಕಾಗಿದ್ದ ಒಂದು ಹೆಸರು ಬಾಕಿ ಉಳಿಯಿತು.

ಹೋದ ವರ್ಷ ಮಾಮಾ ತೀರಿಕೊಂಡ. ರೂಢಿಯಂತೆ ಹೊಸ ಬಟ್ಟೆ ಒಯ್ದು ಅವನ ಮೇಲೆ ಹೊದಿಸಿದೆ. ಹುಚ್ಚ ಎನ್ನಿ ಬೇಕಾದರೆ, ಎದ್ದಾನೇನೋ ಎಂದು ಸ್ವಲ್ಪ ಹೊತ್ತು ಹಾಗೇ ಬಗ್ಗಿ ನಿಂತಿದ್ದೆ. ದಿನಕರ್ಮ ಮುಗಿದ ಮೇಲೆ ಅತ್ತೆ ಟ್ರಂಕಿನಿಂದ ಈ ಪಟಕಾ ತೆಗೆದು, "ತಾವೂ ಸುತ್ತಲಿಲ್ಲ, ಯಾರಿಗೂ ಕೊಡಲಿಲ್ಲ. ಇದು ಅಂವಂದು ಅಂತಿದ್ರು" ಎಂದು ನನ್ನ ಕೈಗಿತ್ತಳು. ಮನೆಯಲ್ಲಿ ಇಟ್ಟುಕೊಂಡೆ, ತಲೆಗೆ ಇಡಲು ಮನಸ್ಸಾಗಲಿಲ್ಲ.

ಈಗ ಮಾಮಾನ ಮೊಮ್ಮಗಳು ಸವಿತಾ ಬೆಳಗಾವಿಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಾಳೆ. ಸಂಬಂಧದ ಲೆಕ್ಕದಲ್ಲಿ ನಾನೂ ಅವಳಿಗೆ ಮಾಮಾ. "ನಮ್ಮ ನಾಟಕ ಐತ್ರಿ ಮಾಮಾ, ನೀವು ಬರಾಕಽ ಬೇಕು" ಎಂದು ಫೋನು ಮಾಡಿದಾಗ, ಎದ್ದು ನಿಂತು ತೆಗೆದುಕೊಳ್ಳುವವರಿಗೇ ಇದು ಸಲ್ಲಲಿ ಎಂದು ಚೀಲಕ್ಕೆ ಹಾಕಿಕೊಂಡೆ.

ನಾಟಕ ಸುರುವಾಗುವ ಮೊದಲೇ ವಿದ್ಯಾರ್ಥಿಯೊಬ್ಬ ರಂಗಕ್ಕೆ ಬಂದು, ಮೊಬೈಲ್ ಬಂದ್ ಮಾಡಿ, ನಡುವೆ ಯಾರೂ ಏಳಬೇಡಿ ಎಂದ. ಸವಿತಾ ಮೀಸೆ ಅಂಟಿಸಿಕೊಂಡು ಮುದುಕ ಕುರುಬನ ವೇಷದಲ್ಲಿ ಬಂದಳು. ಕೋಲನ್ನು ಹೆಗಲಿಗೆ ಅಡ್ಡ ಹಾಕಿ ಅದರ ಮೇಲೆ ಎರಡೂ ಕೈ ಚೆಲ್ಲಿ ನಿಂತಾಗ, ಅಯ್ಯೋ, ಮಾಮಾನೇ ನಿಂತಂತಾಯಿತು. ಮುಂದಿನ ಕಥೆ ಏನಾಯಿತೋ ನನ್ನ ತಲೆಗೆ ಹೋಗಲಿಲ್ಲ. ಚೀಲದೊಳಗೆ ಕೈ ಇಟ್ಟುಕೊಂಡು ಕುಳಿತಿದ್ದೆ.

ನಾಟಕ ಮುಗಿದು ಎಲ್ಲರೂ ಸಾಲಾಗಿ ನಿಂತು ಕೈಮುಗಿದರು. ನಾನು ಎದ್ದೆ. ಮೆಟ್ಟಿಲು ಹತ್ತುವಾಗ ಹಿಂದೆ ಹುಡುಗರು ಕಿಸಕ್ಕೆಂದು ನಕ್ಕರು. ನಗಲಿ. ಮೈಕು ಇರಲಿಲ್ಲ, ಕೋರ್ಟಿನ ಗಂಟಲು ಇತ್ತಲ್ಲ.

"ಏಕಸಂಬಿಯ ಭೀಮಪ್ಪನವರಿಂದ ಪಾತ್ರಧಾರಿಗೆ ಪಟಕಾ ಆಯೇರ!"

ಅಭ್ಯಾಸಬಲ, ಮೂರು ಸಲ ಕೂಗಿದೆ. ಸವಿತಾ ಮುಂದೆ ಬಂದು ತಲೆ ಬಗ್ಗಿಸಿದಳು. ಡಾಂಬರ ಗುಳಿಗೆಯ ವಾಸನೆ ಬಡಿದಿರಬೇಕು, "ಅಜ್ಜನ ಟ್ರಂಕಿಂದೇನ್ರಿ?" ಎಂದು ಮೆಲ್ಲಗೆ ಕೇಳಿದಳು. ಹೂಂ ಎಂದೆ.

"ನಿಮ್ಮ ಹೆಣದ ಪಾರ್ಟಿನ ಮಾತು ಅಜ್ಜ ಎಲ್ಲಾರ ಮುಂದೂ ಹೇಳ್ತಿದ್ರು ಮಾಮಾ. ಏನ್ ಮಾಡಿದ್ದಪಾ ನನ್ನ ಅಳಿಯ, ಖರೇನಽ ಸತ್ತಾನೋ ಏನೋ ಅಂತ ಅಂಜಿ ಇಳದ ಬಂದ್ನಿ, ಅಂತ."

ನನಗೆ ಕಣ್ಣು ಕಾಣದಂತಾಯಿತು. ಇಷ್ಟು ವರ್ಷ ಅವನ ಸಿಟ್ಟಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆ. ಅವನು ಊರ ತುಂಬ ನನ್ನನ್ನು ಹೊಗಳಿಕೊಂಡು ತಿರುಗಿದ್ದ. ಪಟಕಾ ಸುತ್ತಲು ಹೋದರೆ ಬರಬೇಕಲ್ಲ! ಒಂದು ಸುತ್ತು ಹಾಕುವಷ್ಟರಲ್ಲಿ ಬಿಚ್ಚಿ ಭುಜಕ್ಕೆ ಜಾರಿತು, ಎರಡನೆಯ ಸಲವೂ ಜಾರಿತು. ಸವಿತಾ ಬಗ್ಗಿಸಿದ ತಲೆಯನ್ನು ಎತ್ತದೆ, ಬಟ್ಟೆಯ ತುದಿಯನ್ನು ಕಿವಿಯ ಹತ್ತಿರ ಗಟ್ಟಿಯಾಗಿ ಒತ್ತಿಕೊಂಡಳು.

"ನಾ ಹಿಡದೇನ್ರಿ ಮಾಮಾ. ಸಾವಕಾಶ ಸುತ್ರಿ."