ಹೊಳ್ಳಿ ನೋಡಿದ ಚಿಗವ್ವ

ಮೊನ್ನೆ ಪಕ್ಕದ ಮನೆಯವರು ಮೊಮ್ಮಗುವಿಗೆ ದೃಷ್ಟಿ ತೆಗೆದರು. ಉಪ್ಪು, ಒಣಮೆಣಸಿನಕಾಯಿ ಸುಟ್ಟ ಘಾಟು ಗೋಡೆ ದಾಟಿ ನನ್ನ ಅಡುಗೆಮನೆಗೆ ಬಂತು. ಈಗ ಕೆಂಡ ಎಲ್ಲಿಯದು, ಗ್ಯಾಸಿನ ಮೇಲೆ ಹಳೆಯ ಹಂಚು ಇಟ್ಟು ಸುಟ್ಟಿರಬೇಕು. ನಾನು ಮಧ್ಯಾಹ್ನದ ಪಾತ್ರೆ ತಿಕ್ಕಿ ಆಗಷ್ಟೇ ನೆಲಕ್ಕೆ ಕೂತಿದ್ದೆ. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಎದ್ದು ಕಿಟಕಿ ಹಾಕಬೇಕೆಂದರೂ ಮೈ ಏಳಲಿಲ್ಲ. ಹಾಗೇ ಕೂತೆ. ಮುದ್ದೇಬಿಹಾಳದ ಈ ಮನೆಯಲ್ಲಿ ಕೂತಲ್ಲೇ ನಾಲತವಾಡದ ನಮ್ಮ ಓಣಿ ನೆನಪಾಯಿತು, ಓಣಿಯ ಜೊತೆಗೆ ಎದುರುಮನೆಯ ಚಿಗವ್ವ...

ಅವಳು ನಮಗೆ ಚಿಕ್ಕಮ್ಮನೂ ಅಲ್ಲ, ಸಂಬಂಧಿಯೂ ಅಲ್ಲ. ಓಣಿಯ ಮಕ್ಕಳೆಲ್ಲ ಚಿಗವ್ವ ಅನ್ನುತ್ತಿದ್ದೆವು, ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಗಂಡ ಸತ್ತು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಎಪ್ಪತ್ತರ ದಶಕದ ಕೊನೆಯ ಮಾತು ಇದು. ಅವಳಿಗೆ ಐವತ್ತರ ಆಸುಪಾಸು ಇರಬಹುದು, ನನಗೆ ಹದಿಮೂರೋ ಹದಿನಾಲ್ಕೋ. ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸಿದ್ದರು.

ಬೇಸಿಗೆ ಬಂತೆಂದರೆ ಓಣಿಯ ಶಾವಿಗೆಯೆಲ್ಲ ಅವಳ ಪಡಸಾಲೆಯಲ್ಲೇ ಆಗಬೇಕು. ಮಣೆ ಅವಳದು, ನೆರಳು ಅವಳದು. ಒಬ್ಬರು ಹಿಟ್ಟು ನಾದುವುದು, ಒಬ್ಬರು ಮಣೆಯ ಮೇಲೆ ಹೊಸೆಯುವುದು, ಇನ್ನೊಬ್ಬರು ಎಳೆ ಹರಿಯದಂತೆ ಹಿಡಿದು ಕೋಲಿನ ಮೇಲೆ ಹಾಕುವುದು. ಬೆಳಿಗ್ಗೆ ಕೂತರೆ ಹೊತ್ತು ಇಳಿಯುವತನಕ ಅದೇ ಕೆಲಸ. ಅಂಗೈ ಉರಿಯುತ್ತಿತ್ತು, ಸೊಂಟ ಹಿಡಿಯುತ್ತಿತ್ತು. ಆ ದಣಿವು ಮರೆಯಲೆಂದೇ ಚಿಗವ್ವ ದೆವ್ವದ ಕಥೆ ತೆಗೆಯುತ್ತಿದ್ದಳು.

ಅವಳ ದೆವ್ವಗಳು ಸುಡುಗಾಡಿನಲ್ಲಿ, ಹಾಳುಗುಡಿಯಲ್ಲಿ ಇರುತ್ತಿರಲಿಲ್ಲ. ನಾವು ದಿನಾ ಹೋಗಿ ಬರುವ ಜಾಗದಲ್ಲೇ ಇರುತ್ತಿದ್ದವು. ಮುದ್ದೇಬಿಹಾಳದಿಂದ ಬರುವ ಬಸ್ಸಿಗೆ ಹಳ್ಳದ ಹತ್ತಿರ ಒಬ್ಬ ಹೆಂಗಸು ಕೈ ಮಾಡುತ್ತಾಳೆ, ಟಿಕೆಟ್ ತೆಗೆಸುತ್ತಾಳೆ, ಊರು ಬಂದಾಗ ನೋಡಿದರೆ ಸೀಟು ಖಾಲಿ, ಸೀಟಿನ ತುಂಬ ನೀರು. ಹಿಟ್ಟಿನ ಗಿರಣಿಯಲ್ಲಿ ಸಾಲಿನ ಕೊನೆಗೆ ಒಂದು ಡಬ್ಬಿ ಇರುತ್ತದೆ, ಅದನ್ನು ಯಾರು ತಂದಿಟ್ಟರೆಂದು ಯಾರಿಗೂ ಗೊತ್ತಿಲ್ಲ, ಬೀಸಿ ಇಟ್ಟರೆ ಮರುದಿನ ಡಬ್ಬಿಯಿಲ್ಲ. ಸೀಮೆಎಣ್ಣೆಯ ಪಾಳಿಯಲ್ಲೂ ಒಂದು ದೆವ್ವ ನಿಲ್ಲುತ್ತಿತ್ತು.

"ದೆವ್ವಕ್ಕ ಚಿಮಣಿ ಎಣ್ಣಿ ಯಾಕ ಬೇಕಾತು ಚಿಗವ್ವಾ?" ಎಂದು ನಾನು ಒಮ್ಮೆ ಕೇಳಿದ್ದೆ.

"ಯಾಕ, ಅದಕ್ಕೇನು ಕತ್ತಲಾಗ ಅಂಜಿಕಿ ಬರೂದಿಲ್ಲೇನು?" ಎಂದಳು. ಹೆಂಗಸರು ಎಷ್ಟು ನಕ್ಕರೆಂದರೆ ಕೋಲಿನ ಮೇಲಿನ ಎಳೆಗಳೆಲ್ಲ ಹರಿದುಹೋದವು.

ಆದರೆ ಒಂದು ಕಥೆಗೆ ಮಾತ್ರ ಯಾರೂ ನಗುತ್ತಿರಲಿಲ್ಲ. ಅದು ನಮ್ಮ ಓಣಿಯ ಮೆಟ್ಟಿಲುಬಾವಿಯದು. ಹೆರಿಗೆಯಲ್ಲಿ ಸತ್ತ ಒಬ್ಬ ಬಾಣಂತಿ ನಡುಮಧ್ಯಾಹ್ನ ಆ ಬಾವಿಯ ಮೆಟ್ಟಿಲ ಮೇಲೆ ಕೂದಲು ಬಿಟ್ಟು ಕೂರುತ್ತಾಳೆ. ಅವಳು ಹಿಡಿದವರ ಗುರುತೂ ಚಿಗವ್ವ ಹೇಳುತ್ತಿದ್ದಳು. ತಲೆ ಸದಾ ಒದ್ದೆ, ಕರೆದರೆ ಮೊದಲ ಸಲಕ್ಕೆ ಓ ಅನ್ನುವುದಿಲ್ಲ, ನೋಟ ನೀರಿನ ಮೇಲೆ. ಮಕ್ಕಳು ಆ ಬಿಸಿಲಲ್ಲಿ ಬಾವಿಗೆ ಇಳಿದು ಜಾರಿ ಬೀಳಬಾರದೆಂದು ಚಿಗವ್ವನ ಅತ್ತೆ ಹೇಳುತ್ತಿದ್ದ ಕಥೆಯಂತೆ. ಅತ್ತೆಯಿಂದ ಇವಳಿಗೆ ಬಂದಿತ್ತು, ಇವಳಿಂದ ಓಣಿಗೆಲ್ಲ ಹಬ್ಬಿತ್ತು.

ಮೂಲೆಮನೆಗೆ ಮೋರಟಗಿಯಿಂದ ಸೊಸೆ ಬಂದಿದ್ದಳು. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು, ಅಷ್ಟೇ. ಬಂದ ವರ್ಷವೇ ಬಸಿರಾದಳು, ಚಳಿಗಾಲದಲ್ಲಿ ಅದು ಇಳಿದುಹೋಯಿತು. ಆಮೇಲೆ ಹುಡುಗಿ ಮಾತು ಕಡಿಮೆ ಮಾಡಿದಳು. ಬೆಳಿಗ್ಗೆ ಬಾವಿಯಲ್ಲಿ ಗದ್ದಲ, ಕೊಡಕ್ಕೆ ಕೊಡ ತಾಗಿ ಜಗಳ. ಹೊಸಬಳಿಗೆ ಜಾಗ ಯಾರು ಬಿಡುತ್ತಾರೆ? ಮನೆಯ ಕೆಲಸವೆಲ್ಲ ಮುಗಿಸಿ, ಯಾರೂ ಇಲ್ಲದ ಹೊತ್ತು ನೋಡಿ, ಮಧ್ಯಾಹ್ನ ಹೋಗಿ ಬಟ್ಟೆ ಒಗೆದು ತಲೆಗೆ ನೀರು ಹಾಕಿಕೊಂಡು ಬರುತ್ತಿದ್ದಳು. ಅಲ್ಲೇ ಒಂದಿಷ್ಟು ಹೊತ್ತು ಕೂರುತ್ತಿದ್ದಳು. ಅವಳು ಒಬ್ಬಳೇ ಇರಲು ಸಿಗುತ್ತಿದ್ದದ್ದು ಅಲ್ಲಿ ಮಾತ್ರ ಎಂದು ಈಗ ಅನಿಸುತ್ತದೆ.

ಒಂದು ದಿನ ಬಾವಿಯ ಮೆಟ್ಟಿಲ ಮೇಲೆ ಎಚ್ಚರ ತಪ್ಪಿ ಬಿದ್ದಳು. ಆಡು ಹೊಡೆದುಕೊಂಡು ಬರುತ್ತಿದ್ದ ಹೆಂಗಸೊಬ್ಬಳು ನೋಡಿ ಚೀರಿದಳು. ಎತ್ತಿ ತಂದು ಪಡಸಾಲೆಯಲ್ಲಿ ಮಲಗಿಸಿದಾಗ ಕೂದಲು ಒದ್ದೆಯಾಗಿತ್ತು, ಕರೆದರೆ ಓ ಅನ್ನಲಿಲ್ಲ. ಇನ್ನೇನು ಬೇಕು? ಗುರುತೆಲ್ಲ ಕೂಡಿಬಂದವು. ಗುರುತೆಲ್ಲ ಚಿಗವ್ವನ ಕಥೆಯವೇ.

ಚಿಗವ್ವ ಮರುದಿನವೇ ಮೂಲೆಮನೆಗೆ ಹೋದಳು. ಬೆನ್ನಹಿಂದೆ ನಾನೂ ಹೋದೆ.

"ಅದು ಕಥಿ ಐತೆವ್ವಾ, ಹೊತ್ತು ಹೋಗಲಿ ಅಂತ ಹೇಳೂದು. ಹುಡುಗಿ ಮೈಯಾಗ ರಕ್ತ ಇಲ್ಲ. ಉಗರ ನೋಡು, ಹೆಂಗ ಬೆಳ್ಳಗಾಗ್ಯಾವ. ದವಾಖಾನಿಗೆ ಕರಕೊಂಡು ಹೋಗ್ರಿ" ಎಂದಳು.

ಹುಡುಗಿಯ ಅತ್ತೆ ಕೆಟ್ಟವಳಲ್ಲ. ಅಂಜಿದ್ದಳು. "ಇಷ್ಟು ವರ್ಷ ನೀನಽ ಹೇಳೀದಿ. ಈಗ ಸುಳ್ಳ ಅಂತೀದಿ?" ಎಂದು ಚಿಗವ್ವನ ಮುಖವನ್ನೇ ದಿಟ್ಟಿಸಿದಳು. "ಬಾವ್ಯಾಗಿನ ಆಕೀನಽ ನಿನ್ನ ಬಾಯಿ ಕಟ್ಯಾಳ. ನಿನ್ನ ಬಾಯಿಲೆ ಆಕಿ ಆಡಸಾಕತ್ತಾಳ ಈ ಮಾತು."

ದೆವ್ವ ಇದೆ ಎಂದರೆ ಎಲ್ಲರೂ ನಂಬಿದ್ದರು, ಇಲ್ಲ ಎಂದರೆ ಅದೂ ದೆವ್ವದ್ದೇ ಮಾತು... ಮನೆಗೆ ವಾಪಸು ಬರುವಾಗ ದಾರಿಯಲ್ಲಿ ಚಿಗವ್ವ ನನ್ನ ಹೆಗಲ ಮೇಲೆ ಕೈಯಿಟ್ಟು ನಡೆದಳು. ಆ ಕೈ ಭಾರವಾಗಿತ್ತು.

ಮೂಲೆಮನೆಯವರು ಎರಡು ಸಲ ಇಳಿ ತೆಗೆಸಿದರು. ಇಳಿ ಎಂದರೆ, ಮುರುಕು ಮೊರದಲ್ಲಿ ಕುಂಕುಮ ಕಲಸಿದ ಅನ್ನ, ನಿಂಬೆಹಣ್ಣು, ಹಸಿರು ಬಳೆ ಇಟ್ಟು, ಗಾಳಿ ಬಡಿದವರಿಗೆ ನೀವಾಳಿಸಿ, ಮೂರು ದಾರಿ ಕೂಡುವಲ್ಲಿ ಇಟ್ಟು ಬರುವುದು. ಇಟ್ಟು ಬರುವವರು ಹೊಳ್ಳಿ ನೋಡಬಾರದು, ಹಿಂದೆ ತಿರುಗಲೇಬಾರದು. ನೋಡಿದರೆ ಅದು ಅವರ ಬೆನ್ನು ಹತ್ತುತ್ತದೆ. ಮನೆಯ ಬಾಗಿಲಲ್ಲಿ ಕಾಲು ತೊಳೆದುಕೊಂಡೇ ಒಳಗೆ ಹೋಗಬೇಕು. ಇದು ನಮ್ಮ ಕಡೆ ಎಳೆಮಕ್ಕಳಿಗೂ ಗೊತ್ತು.

ಎರಡು ಸಲ ಮಾಡಿದರೂ ಹುಡುಗಿಗೆ ತಲೆ ತಿರುಗುವುದು ನಿಲ್ಲಲಿಲ್ಲ. ಮೋರಟಗಿಗೆ ಹೇಳಿ ಕಳಿಸಿದರು. ಅವಳ ಅಪ್ಪ ಬಂದು ಕಟ್ಟೆಯ ಮೇಲೆ ಕೂತ. ತಂದ ಬುತ್ತಿಯನ್ನೂ ಬಿಚ್ಚಲಿಲ್ಲ.

"ಈ ಅಮಾಸಿಗೆ ಇನ್ನೊಂದ ಸಲ ಇಳಿ ತಗಸ್ತೇವಿ ಬೀಗಾ. ಹೋದ್ರ ಹೋತು, ಇಲ್ಲಾಂದ್ರ ನಿನ್ನ ಮಗಳನ್ನ ನೀ ಒಯ್ಯಿ. ನಾಳೆ ಹೊಟ್ಟಿಲಾದ್ರ ಕೂಸಿನ ಗತಿ ಏನು?" ಎಂದಳು ಹುಡುಗಿಯ ಅತ್ತೆ. ಅವಳ ದನಿಯಲ್ಲೂ ಅಳು ಇತ್ತು.

ಅಪ್ಪ "ಆತ್ರಿ" ಎಂದ. ಬೇರೆ ಏನೆಂದಾನು? ದೆವ್ವ ಹಿಡಿದವಳೆಂದು ತವರಿಗೆ ಬಂದವಳ ಬಾಳು ಆ ಕಾಲದಲ್ಲಿ ಅಲ್ಲಿಗೆ ಮುಗಿದಂತೆ. ಅವಳ ತಂಗಿಯರನ್ನೂ ಯಾರೂ ಕೇಳುತ್ತಿರಲಿಲ್ಲ.

ಅಮಾವಾಸ್ಯೆಯ ಇಳಿ ಒಯ್ಯಲು ಯಾರೂ ಮುಂದೆ ಬರಲಿಲ್ಲ. ಎರಡು ಸಲಕ್ಕೂ ಜಗ್ಗದ ಗಾಳಿ ಅದು. "ನಾ ಒಯ್ತೇನಿ" ಎಂದಳು ಚಿಗವ್ವ.

ಮಧ್ಯಾಹ್ನದ ದೆವ್ವವಾದ್ದರಿಂದ ಮಧ್ಯಾಹ್ನವೇ ತೆಗೆಯಬೇಕು. ಹುಡುಗಿಯನ್ನು ಹೊಸ್ತಿಲ ಮೇಲೆ ಕೂರಿಸಿದ್ದರು. ಓಣಿಯ ಹೆಂಗಸರೆಲ್ಲ ಬಾಗಿಲ ಮರೆಯಲ್ಲಿ ನಿಂತಿದ್ದರು, ನಾನು ಅವ್ವನ ಸೆರಗು ಹಿಡಿದಿದ್ದೆ. ಚಿಗವ್ವ ಮೊರ ನೀವಾಳಿಸಿದಳು. ಬಾವಿಯ ಆಚೆ ದಾರಿ ಕೂಡುವಲ್ಲಿಗೆ ಹೋಗಿ ಇಟ್ಟಳು. ಸೆರಗು ತಲೆಗೆ ಸರಿಮಾಡಿಕೊಂಡು ವಾಪಸು ಹೊರಟಳು. ಬಾವಿಯ ತನಕ ಬಂದಳು.

ಅಲ್ಲಿ ನಿಂತಳು. ನಿಂತು, ಹೊಳ್ಳಿದಳು. ಅರಿಯದೆ ಕತ್ತು ತಿರುಗಿಸಿದ್ದಲ್ಲ. ಮೈಯೆಲ್ಲ ತಿರುಗಿಸಿ, ಸೊಂಟದ ಮೇಲೆ ಕೈಯಿಟ್ಟು, ಊರಿಗೆ ಬಂದ ಬೀಗರನ್ನು ಕರೆಯುವ ಹಾಗೆ ನಿಂತಳು.

"ಬಾ ನನ್ನ ಕೂಡ" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದಳು. "ಆ ಹುಡುಗಿ ಕಡೆ ಏನೈತಿ ಅಂತ ಹೋದಿ? ಆಕಿಗೇ ಕುಂಡ್ರಾಕ ಜಾಗಾ ಇಲ್ಲ ಆ ಮನ್ಯಾಗ. ನನ್ನ ಮನಿ ಖಾಲಿ ಐತಿ, ಬಾ."

"ಹೊಳ್ಳಿ ನೋಡಿದ್ಲು! ಅಯ್ಯಽ ಯವ್ವಾ, ಹೊಳ್ಳಿ ನೋಡಿಬಿಟ್ಲು!" ಎಂದಳು ಹುಡುಗಿಯ ಅತ್ತೆ. ಅಂಜಿಕೆಯಿಂದಲೇ ಅಂದಳು, ಆದರೆ ಆ ಮುಖದಿಂದ ಭಾರ ಇಳಿದದ್ದು ನನಗೂ ಕಂಡಿತು. ಚಿಗವ್ವ ನಮ್ಮೆಲ್ಲರ ಮುಂದೆಯೇ ನಡೆದು ಬಂದು, ಬಾಗಿಲಲ್ಲಿ ಕಾಲಿಗೆಂದು ಇಟ್ಟಿದ್ದ ನೀರಿನ ತಂಬಿಗೆಯನ್ನು ಮುಟ್ಟದೆ, ಧೂಳುಗಾಲಲ್ಲೇ ತನ್ನ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹುಡುಗಿಯ ಅಪ್ಪ ಸಂಜೆ ಬಸ್ಸಿಗೆ ಒಬ್ಬನೇ ಹೋದ. ಹೋಗುವ ಮೊದಲು ಚಿಗವ್ವನ ಮುಚ್ಚಿದ ಬಾಗಿಲಿಗೆ ಕೈಮುಗಿದ. ಯಾರಿಗೆ ಮುಗಿದನೆಂದು ಯಾರೂ ಕೇಳಲಿಲ್ಲ.

ಹುಡುಗಿಗೆ ಆಮೇಲೂ ತಲೆ ತಿರುಗಿತು. ಆದರೆ ದೆವ್ವ ಚಿಗವ್ವನ ಮನೆಗೆ ಹೋದದ್ದನ್ನು ಎಲ್ಲರೂ ಕಣ್ಣಾರೆ ಕಂಡಿದ್ದರಲ್ಲ, ಇದು ಬರೀ ಅಶಕ್ತತೆ ಎಂದು ಮುದ್ದೇಬಿಹಾಳದ ದವಾಖಾನೆಗೆ ಕರೆದೊಯ್ದರು. ಗುಳಿಗೆ ತಿಂದು, ಹುರುಳಿ ಕಟ್ಟು ಕುಡಿದು, ಮುಂದಿನ ದೀಪಾವಳಿಯ ಹೊತ್ತಿಗೆ ಮುಖಕ್ಕೆ ಬಣ್ಣ ಬಂತು. ಎರಡು ವರ್ಷದೊಳಗೆ ತೊಟ್ಟಿಲು ಕಟ್ಟಿದರು.

ಚಿಗವ್ವನ ಪಡಸಾಲೆಗೆ ಮಾತ್ರ ಮತ್ತೆ ಯಾರೂ ಹೋಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ಶಾವಿಗೆ ನಮ್ಮ ಮನೆಯಲ್ಲೇ ಹೊಸೆದರು, ಬೇರೆ ಮಣೆ ತಂದು. ಕಥೆ ಹೇಳುವವರಿರಲಿಲ್ಲ. ಅಂಗೈ ಎಷ್ಟು ಉರಿಯುತ್ತದೆ ಎಂದು ಆಗ ತಿಳಿಯಿತು. ಎದುರು ಮನೆಯ ಬಾಗಿಲಲ್ಲಿ ಅವಳು ಕೂತು ನಮ್ಮ ಕಡೆ ನೋಡುತ್ತಿದ್ದಳು. ಅವ್ವ ಎದ್ದು ನಮ್ಮ ಬಾಗಿಲನ್ನು ಅರ್ಧ ಮುಚ್ಚಿದಳು. ಅವ್ವನೂ ಚಿಗವ್ವನ ಕಥೆ ಕೇಳಿ ಎಳೆ ಹರಿಯುವಷ್ಟು ನಕ್ಕವಳೇ...

ಅವ್ವ ಹಬ್ಬಕ್ಕೆ ತನ್ನ ತವರಿಗೆ ಹೋದಾಗ ಒಮ್ಮೆ ನಾನು ಒಂದು ಬಟ್ಟಲು ಪಾಯಸ ಒಯ್ದೆ. ಚಿಗವ್ವ ತೆಳ್ಳಗಾಗಿದ್ದಳು.

"ಯಾಕ ಬಂದೀ ತಂಗಿ? ಯಾರರ ನೋಡಿದ್ರ ನಿನ್ನ ಮದಿವಿ ಆಗೂದಿಲ್ಲ" ಎಂದಳು. ಬಟ್ಟಲು ತಗೊಂಡು, "ಇಷ್ಟಽ ತಂದೀ? ಈಗ ಇಬ್ರು ಅದೇವಿ ಈ ಮನ್ಯಾಗ" ಎಂದು ನಕ್ಕಳು. ಅವಳ ನಗು ಹಳೆಯದೇ.

ನಾನು ಮೆಲ್ಲಗೆ ಕೇಳಿದೆ, "ಖರೇನ ಅದಾಳೇನು ಆಕಿ?"

ಅವಳು ಒಳಗಿನ ಕೋಣೆಯ ಕಡೆ ನೋಡಿದಳು. ಪಾಯಸದ ಬಟ್ಟಲನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಇದ್ದಿದ್ರ ಚಲೋ ಆಗತಿತ್ತು ತಂಗಿ. ಮಾತಾಡಾಕರ ಒಬ್ರು ಸಿಗತಿದ್ರು."

ನಾನು ಮದುವೆಯಾಗಿ ಈ ಊರಿಗೆ ಬಂದೆ. ಮನೆ, ಮಕ್ಕಳು, ನಳದ ನೀರಿನ ಪಾಳಿ, ಅತ್ತೆಯ ಜಡ್ಡು... ಚಿಗವ್ವ ಹೋದ ಸುದ್ದಿ ತಿಂಗಳು ಕಳೆದ ಮೇಲೆ ತಿಳಿಯಿತು. ಹೆಗಲು ಕೊಡಲು ಜನ ಸಾಲದೆ ಬಸ್‌ಸ್ಟ್ಯಾಂಡಿನಿಂದ ಯಾರನ್ನೋ ಕರೆದು ತಂದರಂತೆ. ರೊಟ್ಟಿ ಬಡಿಯುತ್ತಿದ್ದೆ, ಸುದ್ದಿ ಕೇಳಿದೆ, ಉಳಿದ ರೊಟ್ಟಿ ಬಡಿದೆ. ಅಳುವುದಕ್ಕೂ ಒಂದು ಬಿಡುವು ಬೇಕಲ್ಲ.

ಹೋದ ವರ್ಷ ಒಂದು ಮದುವೆಗೆಂದು ನಾಲತವಾಡಕ್ಕೆ ಹೋದಾಗ ನಮ್ಮ ಓಣಿಗೆ ಕಾಲು ತಿರುಗಿತು. ಬಾವಿಯ ಬಾಯಿಗೆ ಸಿಮೆಂಟಿನ ಹಾಸು ಹಾಕಿದ್ದಾರೆ, ಅದರ ಮೇಲೆ ಮೋಟರ್ ಸೈಕಲ್ಲುಗಳು ನಿಂತಿವೆ. ಚಿಗವ್ವನ ಮನೆ ಬಿದ್ದು ಜಾಲಿ ಬೆಳೆದಿದೆ. ಮೂಲೆಮನೆಯ ಕಟ್ಟೆಯ ಮೇಲೆ ಅಂದಿನ ಆ ಸೊಸೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿದೆ. ಗುರುತು ಹಿಡಿದು, ಕೈ ಹಿಡಿದು ಕೂರಿಸಿಕೊಂಡಳು.

"ಒಂದಽ ಓಣ್ಯಾಗ ಇದ್ದೂ ಚಿಗವ್ವನ್ನ ಒಂದ ಸಲ ಮಾತಾಡಿಸಲಿಲ್ಲ ನೋಡ ನಾ" ಎಂದಳು. "ನನ್ನ ಕೂಸಿನ್ನ ಎತ್ತಿ ದೂರದಿಂದ ತೋರಿಸಿದ್ದೆ. ಕೈ ಬೀಸಿ ಒಳಗ ಹೋಗು ಅಂದ್ಲು. ಎಲ್ಲಿ ಮತ್ತ ದೆವ್ವ ನನಗ ಹತ್ತತೈತಿ ಅಂತ ಮಂದಿ ಅಂದಾರು ಅಂತ..."

ಅಷ್ಟರಲ್ಲಿ ಅವಳ ಮೊಮ್ಮಗಳು, ಆರೇಳು ವರ್ಷದವಳು, ಗೆಳತಿಯರನ್ನು ಬಿಟ್ಟು ಓಡಿ ಬಂದಳು. ನನಗೂ ಕೇಳಲಿ ಎಂದು ಜೋರಾಗಿಯೇ ಹೇಳಿದಳು. ಆ ಬಿದ್ದ ಮನೆಯಲ್ಲಿ ಒಂದು ಮುದುಕಿ ದೆವ್ವ ಇದೆಯಂತೆ. ಮಧ್ಯಾಹ್ನ ಬಾವಿಯ ತನಕ ನಡೆದು ಬಂದು, ಸೊಂಟದ ಮೇಲೆ ಕೈಯಿಟ್ಟು ಹೊಳ್ಳಿ ನೋಡುತ್ತದಂತೆ.

"ಯಾಕ ಹೊಳ್ಳಿ ನೋಡತಾಳ ಆಕಿ, ಆಯಿ?"

ಅಜ್ಜಿಯ ಕೈ ಜೋಳದಲ್ಲಿ ನಿಂತಿತು. ನನ್ನ ಮುಖ ನೋಡಿದಳು.

"ನನ್ನ ಸಲುವಾಗಿ" ಎಂದಳು.

ಹುಡುಗಿ ಕಿಸಕ್ಕನೆ ನಕ್ಕಳು. "ಸುಳ್ಳ ಹೇಳತೀದಿ ನೀ" ಎಂದು ಅಜ್ಜಿಯ ಬೆನ್ನಿಗೊಂದು ಗುದ್ದಿ, ಆಡಲು ಓಡಿಹೋದಳು.