ಹುಲಿಗೆಮ್ಮನ ಕೈಯ ದಾರ

ನಾಗರ ಪಂಚಮಿಯ ಮರುದಿನ ಮಾನ್ವಿಯ ಮನೆಯಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಅಲ್ಲಿಯವರೆಗೆ ನಾನು ದೇವರೊಬ್ಬನನ್ನು ಬಿಟ್ಟು ಕಣ್ಣಿಗೆ ಕಾಣದ ಯಾವುದನ್ನೂ ನಂಬಿದವಳಲ್ಲ. ಯಾರಾದರೂ ಅಂಥ ಕತೆ ಹೇಳಿದರೆ, ಇವರಿಗೆ ಮನೆಗೆಲಸ ಕಡಿಮೆ ಎಂದುಕೊಳ್ಳುತ್ತಿದ್ದೆ.

ಎರಡು ದಿನದಿಂದ ನನ್ನ ಕೂಸಿಗೆ ಜ್ವರವಿತ್ತು. ಮನೆಯವರು ರಾಯಚೂರಿನ ಹತ್ತಿ ಗಿರಣಿಯಲ್ಲಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ನಿದ್ದೆಯಿಲ್ಲದೆ ಕಣ್ಣು ಉರಿಯುತ್ತಿದ್ದವು. ಬೆಳಿಗ್ಗೆ ಕೂಸಿನ ಮೈ ತಣ್ಣಗಾಗಿತ್ತು. ಅಷ್ಟು ಸಾಕೆಂದು ದೇವರಿಗೆ ಕೈಮುಗಿದಿದ್ದೆ. ಆಗ ಪಕ್ಕದ ಮನೆಯ ಶರಣಮ್ಮ ಬಂದು, ಮಸರಕಲ್ಲಿನ ಬಂಡೆಯ ಮೇಲೆ ಜಾರುವಾಗ ಯಾವುದೋ ಹುಡುಗಿಯ ಕಾಲು ಮುರಿಯಿತಂತೆ, ಬಸ್ಸಿನಲ್ಲಿ ಮಾತಾಡುತ್ತಿದ್ದರು ಎಂದಳು. ಮೊರ ಕೆಳಗಿಟ್ಟೆ.

ದೇವದುರ್ಗದ ಕಡೆಯ ಆ ಮಸರಕಲ್ ನನ್ನ ತವರು. ಪಂಚಮಿಗೆ ಅಲ್ಲಿ ಹೆಣ್ಣುಮಕ್ಕಳು ಗುಡ್ಡದ ಬಂಡೆಯ ಮೇಲಿಂದ ಪಂದ್ಯವಾಡಿ ಜಾರುತ್ತಿದ್ದರು. ಒದ್ದೆ ಗೋಣಿಚೀಲದ ಮೇಲೆ ಅಂಗಾತ ಮಲಗಿ, ಹಿಮ್ಮಡಿಯಿಂದ ದಾರಿ ತಿರುಗಿಸಿಕೊಳ್ಳುತ್ತ ಇಳಿಯಬೇಕು. ಗೆದ್ದವಳಿಗೆ ಒಂದು ಕುಬಸದ ಕಣ, ಅಂದರೆ ರವಿಕೆಯ ಬಟ್ಟೆ. ನನ್ನ ತಂಗಿ ಹುಲಿಗೆಮ್ಮ ಲಂಗ ಉಡುವ ವಯಸ್ಸಿನಲ್ಲೇ ಶುರುಮಾಡಿ, ದೊಡ್ಡವಳಾದ ಮೇಲೂ ಯಾರಿಗೂ ಸೋತಿರಲಿಲ್ಲ. ಬಂಡೆಯ ನಡುವೆ ದಾರಿ ಎರಡಾಗುತ್ತದೆ; ಆಕೆ ಯಾವಾಗಲೂ ಹತ್ತಿರದ ಎಡದಾರಿಯನ್ನೇ ಹಿಡಿಯುತ್ತಿದ್ದಳು.

ಜಾರುವ ಮುಂಚೆ ಅಕ್ಕ ಕೈಗೆ ಅರಿಶಿನದ ದಾರ ಕಟ್ಟಬೇಕು. ತಾಯಿ ಕಟ್ಟಬಾರದು, ತಾಯಿಯ ಅಂಜಿಕೆ ಮಗಳ ಕೈಗೆ ಇಳಿಯುತ್ತದೆ ಎನ್ನುತ್ತಿದ್ದರು. ಕಟ್ಟಿದವಳೇ ಬಿಚ್ಚಬೇಕು. ಆ ವರ್ಷ ಕೂಸನ್ನು ಬಿಟ್ಟು ನಾನು ಹೋಗಿರಲಿಲ್ಲ. ದಾರವಿಲ್ಲದೆ ಜಾರಿದಳೇನೋ, ಮುರಿದದ್ದು ಆಕೆಯ ಕಾಲೇ ಏನೋ ಎಂದು ಬಾಗಿಲಿಗೆ ಬಂದು ಬಂದು ನೋಡಿದೆ.

ಮಧ್ಯಾಹ್ನದ ಬಸ್ಸಿಗೆ ಹುಲಿಗೆಮ್ಮ ತಾನೇ ನಡೆದು ಬಂದಳು. ಬಂದವಳೇ ಸಿಟ್ಟು ಮಾಡಿದಳು.

“ಯಕ್ಕಾ, ದಾರ ಕಟ್ಟಿ ಹೇಳದಂಗ ಎಲ್ಲಿ ಹೋದಿ? ಅವ್ವ ಉಂಡಿ ಕಟ್ಟಿಟ್ಟು ನಿನ್ನ ಹುಡುಕಿ ಸಾಕಾದ್ಲು.”

“ನಾ ಎಲ್ಲಿ ಬಂದೀನಿ ಬೇ? ಕೂಸಿನ ಮಗ್ಗಲು ಬಿಟ್ಟು ಎದ್ದಿಲ್ಲ.”

“ಸುಳ್ಳು ಹೇಳಾಕ ಬರಲ್ಲ ನಿನಗ. ಈ ಸಲ ಎಡಕ್ಕ ಹೋಗಬ್ಯಾಡ ಅಂದಾಕಿ ನೀನ ಅಲ್ಲೇನು?”

ಎಡದಾರಿಯಲ್ಲಿ ಕಲ್ಲು ಒಡೆಯುವವರು ಉಳಿ ಹಾಕಿ ಚಕ್ಕೆ ಎಬ್ಬಿಸಿದ್ದು ಯಾರಿಗೂ ಗೊತ್ತಿರಲಿಲ್ಲವಂತೆ. ಅಕ್ಕನ ಮಾತು ಕೇಳಿ ಈಕೆ ಬಲಕ್ಕೆ ಹೋದಳು. ಎಡಕ್ಕೆ ಹೋದ ಹುಡುಗಿ ಕಾಲು ಮುರಿದುಕೊಂಡಳು.

ನಾನು ಹಿಂದಿನ ದಿನವೆಲ್ಲ ಮನೆಯಲ್ಲೇ ಇದ್ದೆನೆಂದು ಶರಣಮ್ಮ ಆಣೆ ಹಾಕಿದಳು. ಹುಲಿಗೆಮ್ಮ ದಾರವಿದ್ದ ಕೈ ಚಾಚಿದಳು. ಗಂಟಿನ ತುದಿ ಬಂಡೆಗೆ ಸಿಗಬಾರದೆಂದು ಒಳಗೆ ಮಡಚಿ ಸಿಕ್ಕಿಸುವುದು ನನ್ನ ರೂಢಿ. ಊರಲ್ಲಿ ಬೇರೆ ಯಾರೂ ಹಾಗೆ ಕಟ್ಟುವುದಿಲ್ಲ. ತುದಿ ಒಳಗೇ ಇತ್ತು.

ಆಮೇಲೆ ಎಂಬತ್ತರ ದಶಕದಲ್ಲಿ ಮದುವೆಯಾಗಿ ಗಿಲ್ಲೆಸುಗೂರಿಗೆ ಹೋಗುವವರೆಗೂ ಆಕೆ ಜಾರಿದಳು, ಗೆದ್ದಳು. ಪ್ರತಿ ವರ್ಷ ಹೋಗಿ ನಾನೇ ಕಟ್ಟಿದೆ. ಆ ಒಂದು ವರ್ಷ ಕಟ್ಟಿದವರು ಯಾರೋ ಇಂದಿಗೂ ತಿಳಿಯದು. ದೇವರ ದಯೆ ಎನ್ನೋಣವೆಂದರೆ, ಕಾಲು ಮುರಿದುಕೊಂಡ ಆ ಹುಡುಗಿಗೆ ಯಾಕೆ ಯಾರೂ ಹೇಳಲಿಲ್ಲ?

ಅಂದು ಹೆಚ್ಚು ಯೋಚಿಸುವ ತ್ರಾಣವೂ ಇರಲಿಲ್ಲ. ನಾನು ಕಟ್ಟದ ಗಂಟನ್ನು ನಾನೇ ಬಿಚ್ಚಿದೆ. ದಾರವನ್ನು ತಂಗಿಯ ಅಂಗೈಯಲ್ಲಿಟ್ಟು, ಕೂಸಿನ ಬಟ್ಟೆ ಒಗೆಯಲು ಹಿತ್ತಲಿಗೆ ಹೋದೆ.